ಸ್ಟಿರಾಯ್ಡ್ ಇಳಿಸುವಾಗ ಎಂಟು ತಿಂಗಳು ನುಂಗಿದ ಅಡ್ರಿನಲ್ ಕ್ಯಾಪ್ಸೂಲ್: ಒಂದು ತಾಳೆಯಾಗದ ಲೆಕ್ಕ

ಮೂತ್ರಪಿಂಡಗಳ ಮೇಲೆ ಕುಳಿತು ಕಾರ್ಟಿಸೋಲ್ ಎಂಬ ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ದಣಿದಾಗ ಬಲ ಕೊಡುತ್ತದೆಂದು ಮಾರುವ ಈ ಕ್ಯಾಪ್ಸೂಲನ್ನು ನಾನು 2024ರ ಜನವರಿಯಿಂದ ಆಗಸ್ಟ್‌ವರೆಗೆ ದಿನಕ್ಕೆ ಎರಡರಂತೆ, ಒಂದು ದಿನವೂ ತಪ್ಪಿಸದೆ ತೆಗೆದುಕೊಂಡಿದ್ದೇನೆ. ಎರಡನೆಯ ತಿಂಗಳ ಕೊನೆಗೆ ಈ ವಿಮರ್ಶೆಯನ್ನು ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಡಬ್ಬಿಯ ಮೇಲೆ ಮುದ್ರಿಸಿದ ಗುಣಗಾನವನ್ನು ಕೊಳ್ಳುವ ಮೊದಲೇ ಎಲ್ಲರೂ ಓದಿರುತ್ತಾರಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ನನ್ನ ಕಾಯಿಲೆಯ ಹೆಸರು ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಐವತ್ತು ದಾಟಿದವರಿಗೆ ಬರುವ ಈ ಕಾಯಿಲೆಯಲ್ಲಿ ಬೆಳಗ್ಗೆ ಏಳುವಾಗ ಭುಜಗಳೂ ಸೊಂಟವೂ ಮರದ ದಿಮ್ಮಿಯಂತೆ ಬಿಗಿದಿರುತ್ತವೆ. ಡೊಂಬಿವಲಿಯಿಂದ ದಾದರಿಗೆ ಹೋಗುವ ಮುಂಬಯಿಯ ಲೋಕಲ್ ರೈಲಿನಲ್ಲಿ ತಲೆಯ ಮೇಲಿನ ಹಿಡಿಕೆಗೆ ಕೈ ಎತ್ತಲಾಗದೆ, ಮೂವತ್ತೈದು ವರ್ಷ ಅದೇ ಹಿಡಿಕೆ ಹಿಡಿದು ಬ್ಯಾಂಕಿಗೆ ಓಡಾಡಿದ ನಾನು ಪಕ್ಕದವರ ಹೆಗಲಿಗೆ ಆತು ನಿಂತ ದಿನವೇ ಇದು ಬರಿಯ ವಯಸ್ಸಿನ ನೋವಲ್ಲವೆಂದು ತಿಳಿಯಿತು. 2023ರ ಜೂನ್‌ನಲ್ಲಿ ದಿನಕ್ಕೆ 15 ಮಿ.ಗ್ರಾಂ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಆರಂಭವಾಯಿತು, ನಾಲ್ಕೇ ದಿನಗಳಲ್ಲಿ ಕೈ ಮೇಲಕ್ಕೆ ಹೋಯಿತು. ಸ್ಟಿರಾಯ್ಡ್ ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ಸಪ್ಟೆಂಬರ್ ಹೊತ್ತಿಗೆ 10ಕ್ಕೆ ಬಂದೆವು. ಅಲ್ಲಿಂದ ಕೆಳಗೆ ಒಂದೊಂದೇ ಮಿ.ಗ್ರಾಂ. ಇಳಿಸಬೇಕೆಂದು ವೈದ್ಯರು ಹೇಳಿದರಾದರೂ ನಮ್ಮ ಅಂಗಡಿಯಲ್ಲಿ ಸಿಗುತ್ತಿದ್ದ ಅತಿ ಸಣ್ಣ ಮಾತ್ರೆ 2.5ರದ್ದು. ಅದನ್ನು ಅರ್ಧ ಮಾಡಿ 1.25ರ ಮೆಟ್ಟಿಲುಗಳಲ್ಲಿ ಇಳಿಯುವುದೆಂದು ತೀರ್ಮಾನವಾಯಿತು.

ಹೀಗೆ ನಮ್ಮ ಮನೆಗೆ ಬಂದ ಮಾತ್ರೆ ಕತ್ತರಿಸುವ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಅದರ ಬೆಲೆ 140 ರೂಪಾಯಿ. ಭಾನುವಾರ ಸಂಜೆ ದೇವರ ದೀಪ ಹಚ್ಚಿದ ಮೇಲೆ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಮಾತ್ರೆಯ ನಡುಗೆರೆ ಅಲಗಿನ ನೇರಕ್ಕೆ ಬರುವಂತೆ ಕೂರಿಸಿ, ಮುಚ್ಚಳವನ್ನು ನಿಧಾನವಾಗಿ ಅಲ್ಲ, ಒಂದೇ ಏಟಿಗೆ ಒತ್ತಬೇಕು. ನಿಧಾನವಾಗಿ ಒತ್ತಿದರೆ ಮಾತ್ರೆ ಪುಡಿಯಾಗುತ್ತದೆ. ಏಳು ಕೋಣೆಗಳ ಡಬ್ಬಿಯ ಮೇಲೆ ನನ್ನ ಹೆಂಡತಿ ಬಿಳಿಯ ಪಟ್ಟಿ ಅಂಟಿಸಿ ಸೋಮ, ಮಂಗಳ ಎಂದು ದುಂಡಗೆ ಬರೆದಿದ್ದಳು. ಅದರಲ್ಲಿ ವಾರದ ಅರ್ಧಗಳನ್ನು ತುಂಬಿಸಿಟ್ಟರೆ, ದಿನದ ನಗದು ತಾಳೆಯಾಗಿ ತಿಜೋರಿಗೆ ಬೀಗ ಹಾಕಿದಾಗ ಆಗುತ್ತಿದ್ದ ಸಮಾಧಾನವೇ ಆಗುತ್ತಿತ್ತು. ಬೆಳಗ್ಗೆ ಅವಲಕ್ಕಿ ತಿಂದು ಎಂಟರೊಳಗೆ ಮಾತ್ರೆ ನುಂಗುವುದು ನಿಯಮ. ದೇಹದ ಸ್ವಂತ ಕಾರ್ಟಿಸೋಲ್ ಬೆಳಗಿನ ಹೊತ್ತಿಗೇ ಹೆಚ್ಚಿರುವುದರಿಂದ ಹೊರಗಿನದನ್ನೂ ಆಗಲೇ ಕೊಡುತ್ತಾರೆ.

7.5ಕ್ಕೆ ಇಳಿದಾಗ ಆಯಾಸ ಆರಂಭವಾಯಿತು. ಅದು ದುಡಿದ ದಣಿವಲ್ಲ. ಸ್ನಾನ ಮುಗಿಸಿ ಬಂದು ಟವೆಲ್ ಹಿಡಿದುಕೊಂಡೇ ಮಂಚದ ಮೇಲೆ ಕುಳಿತುಬಿಡುವಂಥದು. ಫೋನಿನಲ್ಲಿ ಇದನ್ನು ಕೇಳಿದ ಅಮೆರಿಕದಲ್ಲಿರುವ ಅಕ್ಕನ ಮಗ, “ಮಾಮಾ, ನಿಮ್ಮ ಅಡ್ರಿನಲ್ ದಣದಾವ. ಇಲ್ಲೆ ಎಲ್ಲಾರೂ ಇದನ್ನ ತೊಗೋತಾರ” ಎಂದು, ಊರಿಗೆ ಬರುತ್ತಿದ್ದವರ ಕೈಯಲ್ಲಿ ಎರಡು ಡಬ್ಬಿ ಕಳುಹಿಸಿಕೊಟ್ಟ. ಆ ಬಳಿಕ ತಿಂಗಳಿಗೆ 2,600 ರೂಪಾಯಿಯಂತೆ ನಾನೇ ತರಿಸಿಕೊಂಡೆ.

ಮೊದಲ ಅನುಭವ ನಿಜಕ್ಕೂ ಚೆನ್ನಾಗಿತ್ತು. ಕಂದು ಗಾಜಿನ ಡಬ್ಬಿ ತೆರೆದೊಡನೆ ಹಳೆಯ ಬೆಲ್ಲದ ಮಡಕೆಯಂಥ ವಾಸನೆ. ಅದರ ಹಿಂದೆ, ಧಾರವಾಡದಲ್ಲಿ ಕೆಮ್ಮು ಬಂದಾಗ ಅಜ್ಜಿ ಬಾಯಲ್ಲಿಡುತ್ತಿದ್ದ ಜ್ಯೇಷ್ಠಮಧುವಿನ ಸಿಹಿ. ಹತ್ತು ದಿನಗಳಲ್ಲಿ ಮಧ್ಯಾಹ್ನದ ಮಂಪರು ಹೋಯಿತು. ಡಬ್ಬಿಯೊಳಗಿನ ಮಡಿಕೆ ಹಾಳೆಯಲ್ಲಿದ್ದ ಸಲಹೆಗಳನ್ನು, ಅಂದರೆ ರಾತ್ರಿ ಹತ್ತಕ್ಕೆ ಮಲಗುವುದು, ನಾಲ್ಕರ ಮೇಲೆ ಚಹಾ ಬಿಡುವುದು, ಬೆಳಗಿನ ಬಿಸಿಲಿನಲ್ಲಿ ನಡೆಯುವುದು, ಇವನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದೆ. ಫೆಬ್ರವರಿಯಲ್ಲಿ 5ಕ್ಕೂ ಮೇ ತಿಂಗಳಲ್ಲಿ 3.75ಕ್ಕೂ ಇಳಿದಾಗ ಅದರ ಶ್ರೇಯಸ್ಸನ್ನೆಲ್ಲ ಈ ಡಬ್ಬಿಗೇ ಕೊಟ್ಟೆ.

ಆಗಸ್ಟ್‌ನಲ್ಲಿ, ನನ್ನ ಅಡ್ರಿನಲ್ ಗ್ರಂಥಿ ಮತ್ತೆ ಸ್ವಂತವಾಗಿ ಕಾರ್ಟಿಸೋಲ್ ತಯಾರಿಸುತ್ತಿದೆಯೇ ಎಂದು ನೋಡಲು, ವೈದ್ಯರು ಬೆಳಗ್ಗೆ ಎಂಟರ ಕಾರ್ಟಿಸೋಲ್ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಹಿಂದಿನ ದಿನ ಬೆಳಗಿನ ಮಾತ್ರೆಯೇ ಕೊನೆ, ಅಂದಿನ ಸ್ಟಿರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು ಎಂದು ಎರಡು ಬಾರಿ ಹೇಳಿ ಕಳುಹಿಸಿದ್ದರು. ನಾನು ಹಾಗೆಯೇ ಮಾಡಿದೆ. ಕ್ಯಾಪ್ಸೂಲನ್ನು ಮಾತ್ರ ಎಂದಿನಂತೆ ಆರೂವರೆಗೆ ನೀರಿನೊಂದಿಗೆ ನುಂಗಿದೆ, ಏಕೆಂದರೆ ನನ್ನ ಮನಸ್ಸಿನಲ್ಲಿ ಅದು ಔಷಧವಾಗಿರಲಿಲ್ಲ, ಚ್ಯವನಪ್ರಾಶದಂಥ ಒಂದು ಆಹಾರವಾಗಿತ್ತು. ಫಲಿತಾಂಶ ಡೆಸಿಲೀಟರಿಗೆ 11.2 ಮೈಕ್ರೋಗ್ರಾಂ ಬಂತು. ಹತ್ತು ದಾಟಿದರೆ ಗ್ರಂಥಿ ಎಚ್ಚೆತ್ತಿದೆಯೆಂದು ಲೆಕ್ಕ. ವೈದ್ಯರು ಸಂತೋಷದಿಂದ ಮಾತ್ರೆ ನಿಲ್ಲಿಸುವ ಕ್ರಮವನ್ನು ಬರೆಯತೊಡಗಿದಾಗ ಪಕ್ಕದಲ್ಲಿದ್ದ ನನ್ನ ಹೆಂಡತಿ, “ಅಂದ್ರ ಡಾಕ್ಟರ್, ಇವರು ಆ ಕ್ಯಾಪ್ಸೂಲನ್ನೂ ಬಿಡಬೇಕೇನ್ರಿ?” ಎಂದು ಮರಾಠಿಯಲ್ಲಿ ಕೇಳಿದಳು. ಪೆನ್ನು ಅಲ್ಲಿಯೇ ನಿಂತಿತು.

ಡಬ್ಬಿಯನ್ನು ತರಿಸಿ ನೋಡಿದರು. ಈ ಉತ್ಪನ್ನದ ದೊಡ್ಡ ದೋಷ ಇಲ್ಲಿದೆ, ಮತ್ತು ನನ್ನ ಪಾಲಿಗೆ ಉಳಿದೆಲ್ಲ ದೋಷಗಳನ್ನು ಇದೊಂದೇ ನುಂಗಿಹಾಕಿತು. ಪಟ್ಟಿಯಲ್ಲಿ ಸಿ ಜೀವಸತ್ವಕ್ಕೂ ಪ್ಯಾಂಟೊಥೆನಿಕ್ ಆಮ್ಲಕ್ಕೂ ಪ್ರಮಾಣವಿದೆ. ಅದರ ಕೆಳಗೆ “ವಿಶೇಷ ಮಿಶ್ರಣ” ಎಂಬ ಒಂದೇ ಸಾಲಿನಲ್ಲಿ ಅಶ್ವಗಂಧ, ಜ್ಯೇಷ್ಠಮಧು ಹಾಗೂ ಅಡ್ರಿನಲ್ ಗ್ರಂಥಿಯ ಪುಡಿ ಮೂರನ್ನೂ ಸೇರಿಸಿ 450 ಮಿ.ಗ್ರಾಂ. ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಯಾವುದು ಎಷ್ಟು? ಬ್ಯಾಂಕಿನಲ್ಲಿ ಮೂರು ಗಿರಾಕಿಗಳ ಜಮೆಯನ್ನು ಒಟ್ಟುಗೂಡಿಸಿ ಒಂದೇ ನಮೂದು ಬರೆದಿದ್ದರೆ ನನ್ನ ನೌಕರಿ ಅಂದೇ ಹೋಗುತ್ತಿತ್ತು. ಆ ಪುಡಿ ದನದ ಗ್ರಂಥಿಯದೆಂಬುದನ್ನೂ ಸಣ್ಣಕ್ಷರದಲ್ಲಿ ಹೇಳಿದ್ದರು. ಎಂಟು ತಿಂಗಳು ಕನ್ನಡಕ ಹಾಕಿಕೊಂಡೂ ಅದನ್ನು ಓದದ ನನ್ನ ಬಗ್ಗೆ ಮನೆಯಲ್ಲಿ ಏನೇನು ಮಾತು ನಡೆಯಿತೆಂಬುದನ್ನು ಬರೆಯಲಾರೆ. ನಮ್ಮ ದೇಶದ ಪೊಟ್ಟಣವಾಗಿದ್ದರೆ ಹಸಿರು ಚುಕ್ಕೆ ಇಲ್ಲದ್ದನ್ನು ಅವಳೇ ಮೊದಲು ಹಿಡಿಯುತ್ತಿದ್ದಳು.

ಗ್ರಂಥಿಯ ಪುಡಿಯೆಂದರೆ ಅದರಲ್ಲಿ ಹಾರ್ಮೋನೂ ಇರಬಹುದು. 2018ರಲ್ಲಿ ಮೇಯೋ ಕ್ಲಿನಿಕ್ ಎಂಬ ಅಮೆರಿಕದ ಆಸ್ಪತ್ರೆಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮಾರುಕಟ್ಟೆಯ ಇಂಥ 12 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನಿನ ಅಂಶ ಸಿಕ್ಕಿತು. ಹೆಚ್ಚಿನವುಗಳಲ್ಲಿ ಕನಿಷ್ಠ ಒಂದಾದರೂ ಸ್ಟಿರಾಯ್ಡ್ ಹಾರ್ಮೋನು ಇತ್ತು. ಅದೇ ಮೇಯೋ ಕ್ಲಿನಿಕ್‌ನಲ್ಲಿ 1948ರಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದ ರೋಗಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಡಿಸಿ, 1950ರಲ್ಲಿ ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರೊಡನೆ ನೊಬೆಲ್ ಪಡೆದರು. ಸ್ಟಿರಾಯ್ಡ್‌ನ ಕಥೆ ಶುರುವಾದ ಮನೆಯಿಂದಲೇ ಈ ಎಚ್ಚರಿಕೆಯೂ ಬಂದಿದೆ.

“ಗ್ರಂಥಿ ದಣಿದಿದೆ” ಎಂಬ ಮಾತೂ ವೈದ್ಯಶಾಸ್ತ್ರದ್ದಲ್ಲ. 1998ರಲ್ಲಿ ಅಮೆರಿಕದ ಜೇಮ್ಸ್ ವಿಲ್ಸನ್ ಹುಟ್ಟುಹಾಕಿದ ಆ ಪದವನ್ನು ಹಾರ್ಮೋನು ತಜ್ಞರ ಸಂಘ ಒಪ್ಪುವುದಿಲ್ಲ. ನನ್ನ ಗ್ರಂಥಿ ದಣಿದಿರಲಿಲ್ಲ, ಮಲಗಿತ್ತು. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಆದೇಶ ಹೊರಡುವುದೇ ನಿಲ್ಲುತ್ತದೆ. ಪ್ರಧಾನ ಕಚೇರಿಯಿಂದ ಸುತ್ತೋಲೆಯೇ ಬಾರದಿದ್ದಾಗ ಶಾಖೆಯ ಗುಮಾಸ್ತನಿಗೆ ಎಷ್ಟು ಬಾದಾಮಿ ಹಾಲು ಕುಡಿಸಿದರೂ ಕೌಂಟರ್ ತೆರೆಯುವುದಿಲ್ಲ. ಇನ್ನೂ ವಿಚಿತ್ರವೆಂದರೆ ಅಶ್ವಗಂಧವನ್ನು ಮಾರುವುದೇ ಕಾರ್ಟಿಸೋಲ್ ಇಳಿಸುತ್ತದೆಯೆಂದು, ನನಗೆ ಬೇಕಾಗಿದ್ದುದು ಅದರ ಏರಿಕೆ. ಜ್ಯೇಷ್ಠಮಧುವೋ, ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆದು ಉಪ್ಪನ್ನೂ ನೀರನ್ನೂ ದೇಹದಲ್ಲಿ ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಮನೆಗೆ ಬಂದು ಡೈರಿ ತೆಗೆದೆ. ಭಾನುವಾರಗಳ ರಕ್ತದೊತ್ತಡ ಜನವರಿಯಲ್ಲಿ 128/80 ಇದ್ದದ್ದು ಜುಲೈ ಹೊತ್ತಿಗೆ 148/90 ಆಗಿತ್ತು. ಸ್ಟಿರಾಯ್ಡ್ ಇಳಿಯುತ್ತಿದ್ದ ತಿಂಗಳುಗಳಲ್ಲೇ ಒತ್ತಡ ಏರಿದ್ದನ್ನು ನಾನೇ ನೀಲಿ ಶಾಯಿಯಲ್ಲಿ ಬರೆದಿಟ್ಟು ನಾನೇ ಗಮನಿಸಿರಲಿಲ್ಲ.

ಕ್ಯಾಪ್ಸೂಲನ್ನು ಮಾತ್ರ ಬಿಡಿಸಿ, 3.75 ಮುಂದುವರಿಸಿ, ಆರು ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದರು. ಬಂದದ್ದು 6.2. ಒಂದೆರಡು ವಾರ ಆಯಾಸವೂ ಮರಳಿತ್ತು. ಮೊದಲಿನ 11.2ರಲ್ಲಿ ನನ್ನ ಗ್ರಂಥಿಯ ಗಳಿಕೆ ಎಷ್ಟು, ಡಬ್ಬಿಯ ಪಾಲೆಷ್ಟು ಎಂಬುದನ್ನು ಬಿಡಿಸುವ ದಾರಿಯೇ ಇಲ್ಲವೆಂದು ವೈದ್ಯರು ಹೇಳಿದರು. ಆ ಸಂಖ್ಯೆಯನ್ನು ನಂಬಿ ಮಾತ್ರೆಯನ್ನೂ ಡಬ್ಬಿಯನ್ನೂ ಒಟ್ಟಿಗೆ ಬಿಟ್ಟಿದ್ದರೆ, ದೇಹಕ್ಕೆ ಕಾರ್ಟಿಸೋಲ್ ಹೆಚ್ಚು ಬೇಕಾಗುವ ಮಳೆಗಾಲದ ಒಂದು ಜ್ವರವೋ ವಾಂತಿಯೋ ಸಾಕಿತ್ತು ನನ್ನನ್ನು ತುರ್ತು ಚಿಕಿತ್ಸೆಗೆ ಸಾಗಿಸಲು. ಅಂದಿನಿಂದ “ಸ್ಟಿರಾಯ್ಡ್ ರೋಗಿ, ತುರ್ತಿನಲ್ಲಿ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ. ಚುಚ್ಚುಮದ್ದು” ಎಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಳೆಯ ರೈಲ್ವೆ ಪಾಸಿನ ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

2025ರ ಜನವರಿಯಲ್ಲಿ, ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿಕೊಳ್ಳದೆ ಕೊಟ್ಟ ರಕ್ತದಲ್ಲಿ 12.1 ಬಂತು. ಮಾರ್ಚ್‌ನಲ್ಲಿ ಕೊನೆಯ ಅರ್ಧ ಮಾತ್ರೆ ನುಂಗಿದೆ. ಇಪ್ಪತ್ತೊಂದು ತಿಂಗಳ ಪ್ರೆಡ್ನಿಸೋಲೋನ್‌ಗೆ ಒಟ್ಟು 1,500 ರೂಪಾಯಿಯೂ ಆಗಿಲ್ಲ. ಆರು ತಿಂಗಳ ಕ್ಯಾಪ್ಸೂಲಿಗೆ 15,600 ಆಯಿತು. ಪಿಂಚಣಿಯಲ್ಲಿ ಬದುಕುವವನಿಗೆ ಇದು ಸಣ್ಣ ಮೊತ್ತವಲ್ಲ. ಹಾಗೆಂದು ಸೊನ್ನೆ ಕೊಡುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಆ ಮಡಿಕೆ ಹಾಳೆಯ ಸಲಹೆಗಳನ್ನು ಇಂದಿಗೂ ಬಿಟ್ಟಿಲ್ಲ, ಹತ್ತಕ್ಕೆ ಮಲಗುತ್ತೇನೆ, ಬಿಸಿಲಲ್ಲಿ ನಡೆಯುತ್ತೇನೆ. ಹಾಳೆಗೆ ಒಂದು ನಕ್ಷತ್ರ, ಡಬ್ಬಿಯ ಗಾಜಿಗೆ ಅರ್ಧ.

ಗಾಜು ನಿಜಕ್ಕೂ ಗಟ್ಟಿಯಾಗಿದೆ, ಮುಚ್ಚಳವೂ ಬಿಗಿಯಾಗಿ ಕೂರುತ್ತದೆ. ಓಮ ಹಾಕಿಡಲು ಒಳ್ಳೆಯದೆಂದು ಸೂಚಿಸಿದೆ, ಆದರೆ ಅಡುಗೆಮನೆಗೆ ಅದಕ್ಕೆ ಪ್ರವೇಶ ಸಿಗಲಿಲ್ಲ. ಡಬ್ಬಿಗಳಲ್ಲೆಲ್ಲ ಈಗ ಮೊಳೆ, ಸ್ಕ್ರೂಗಳಿವೆ.