ಸೂಪರ್‌ಮ್ಯಾನ್ ಸತ್ತ, ಬ್ಯಾಟ್‌ಮ್ಯಾನ್ ಮುರಿದ, ಸ್ಪೈಡರ್‌ಮ್ಯಾನ್ ಇಬ್ಬರಾದ: ಮೂರರಲ್ಲಿ ಯಾವುದು ಮೇಲು?

ಸೂಪರ್‌ಹೀರೋ ಕಾಮಿಕ್ಸ್ ಓದುವ ನಾಲ್ಕು ಜನ ಒಂದೆಡೆ ಕೂತರೆ ಮಾತು ಹೊರಳಿ ಹೊರಳಿ ಬರುವುದು 1990ರ ದಶಕದ ಮೂರು ಉದ್ದನೆಯ ಕಥೆಗಳಿಗೆ: ‘ಡೆತ್ ಆಫ್ ಸೂಪರ್‌ಮ್ಯಾನ್’, ಬ್ಯಾಟ್‌ಮ್ಯಾನ್‌ನ ‘ನೈಟ್‌ಫಾಲ್’, ಸ್ಪೈಡರ್‌ಮ್ಯಾನ್‌ನ ‘ಕ್ಲೋನ್ ಸಾಗಾ’. ಮೂರಕ್ಕೂ ತಾಯಿಬೇರು ಒಂದೇ. ನಾಯಕನನ್ನು ಬದಿಗೆ ಸರಿಸಿ, ಅವನ ಜಾಗಕ್ಕೆ ಬೇರೊಬ್ಬನನ್ನು ತಂದು ನಿಲ್ಲಿಸಿ, ಓದುಗ ಒಪ್ಪುತ್ತಾನೋ ಒದೆಯುತ್ತಾನೋ ಎಂದು ನೋಡುವುದು. ನಮ್ಮ ಗೆಳೆಯರ ಗುಂಪಿನಲ್ಲಿ ಮೂರಕ್ಕೂ ವಕೀಲರಿದ್ದಾರೆ, ಮೂರಕ್ಕೂ ಕಡುವೈರಿಗಳಿದ್ದಾರೆ.

ಹಿಂದೆ ಇವನ್ನು ನಾನು ಓದಿದ್ದು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಕೈಗೆ ಸಿಕ್ಕ ಬಿಡಿ ಸಂಚಿಕೆಗಳಲ್ಲಿ. ನಡುವಿನ ಕಂತು ಸಿಗದಿದ್ದರೆ ಊಹೆಯೇ ಗತಿ. ಈಗ ಮೂರೂ ದಪ್ಪ ಸಂಪುಟಗಳಾಗಿ ಬಂದಿವೆ. ಒಂದರ ಬೆನ್ನಿಗೆ ಒಂದರಂತೆ ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ ನನಗೆ ಕಂಡದ್ದು ಇದು: ಯಾವ ದೃಶ್ಯದಿಂದ ಈ ಕಥೆಗಳು ಹೆಸರಾದವೋ, ಅವುಗಳ ಸತ್ವ ಆ ದೃಶ್ಯದಲ್ಲಿಲ್ಲ. ಅದಕ್ಕೆ ಸ್ವಲ್ಪ ಹಿಂದೋ ಮುಂದೋ ಇದೆ. ನಾವು ಮಾತ್ರ ಆ ಒಂದೇ ದೃಶ್ಯವನ್ನು ಹಿಡಿದುಕೊಂಡು ಜಗಳವಾಡುತ್ತೇವೆ.

ಸೂಪರ್‌ಮ್ಯಾನ್‌ನ ಸಾವು ಹುಟ್ಟಿದ್ದೇ ಒಂದು ಮದುವೆ ಮುಂದಕ್ಕೆ ಹೋದದ್ದರಿಂದ. ಸಾಮಾನ್ಯನಂತೆ ಬದುಕುವಾಗ ಸೂಪರ್‌ಮ್ಯಾನ್‌ಗಿರುವ ಹೆಸರು ಕ್ಲಾರ್ಕ್; ಅವನ ಮತ್ತು ಪ್ರೇಯಸಿ ಲೋಯಿಸ್‌ಳ ಮದುವೆಯನ್ನು ಕಾಮಿಕ್ಸ್‌ನಲ್ಲಿ ಮಾಡಿಸಬೇಕೆಂದು ಬರಹಗಾರರು ಸಿದ್ಧರಾಗಿದ್ದರು. ಅದೇ ಹೊತ್ತಿಗೆ ಅದೇ ಜೋಡಿಯ ಮೇಲೆ ಟಿವಿ ಧಾರಾವಾಹಿಯೊಂದು ತಯಾರಾಗುತ್ತಿತ್ತು. ಮದುವೆ ಎರಡೂ ಕಡೆ ಒಟ್ಟಿಗೆ ಆಗಲಿ ಎಂದು ಮೇಲಿನವರು ತಡೆದರು. ಒಂದು ವರ್ಷಕ್ಕೆ ಹೆಣೆದಿದ್ದ ಕಥೆ ಹೀಗೆ ಕೈತಪ್ಪಿತು. ವಾರ್ಷಿಕ ಸಭೆಗಳಲ್ಲಿ ‘ಸರಿ, ಅವನನ್ನು ಕೊಂದೇ ಬಿಡೋಣ’ ಎಂದು ತಮಾಷೆ ಮಾಡುತ್ತಿದ್ದವರು ಜೆರ್ರಿ ಆರ್ಡ್ವೇ. ಆ ಸಲ ಸಂಪಾದಕ ಮೈಕ್ ಕಾರ್ಲಿನ್ ತಂಡ ತಮಾಷೆಯನ್ನು ನಿಜಕ್ಕೆ ಇಳಿಸಿತು. 1992ರ ನವೆಂಬರ್ 18ರಂದು ‘ಸೂಪರ್‌ಮ್ಯಾನ್’ 75ನೇ ಸಂಚಿಕೆ ಕಪ್ಪು ಚೀಲದೊಳಗೆ ಮುಚ್ಚಿಕೊಂಡು ಅಂಗಡಿಗೆ ಬಂತು. ಜೊತೆಗೆ ತೋಳಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ. ವ್ಯಾಪಾರಕ್ಕೆ ನಾಚಿಕೆ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ವೈರಿಗಳ ಆಕ್ಷೇಪ ಗೊತ್ತಿರುವುದೇ: ಡೂಮ್ಸ್‌ಡೇ ಎಂಬ ರಾಕ್ಷಸನಿಗೆ ಮಾತಿಲ್ಲ, ಉದ್ದೇಶವಿಲ್ಲ; ನೆಲದಿಂದ ಎದ್ದು ಬಂದು ಗುದ್ದುತ್ತಾನೆ, ಅಷ್ಟೇ. ಹಳೆಯ ವೈರಿ ಲೆಕ್ಸ್ ಲೂಥರ್ ಕೈಯಲ್ಲಿ ಸತ್ತಿದ್ದರೆ ಅರ್ಥವಿರುತ್ತಿತ್ತು ಎಂದು ಅವರ ವಾದ. ಒಪ್ಪುತ್ತೇನೆ. ಆದರೆ ಈ ಗುದ್ದಾಟವನ್ನು ಪುಟದ ಮೇಲೆ ಕಟ್ಟಿರುವ ಜಾಣ್ಮೆಯನ್ನು ಅವರು ಗಮನಿಸುವುದಿಲ್ಲ. ಕೊನೆಯ ನಾಲ್ಕು ಸಂಚಿಕೆಗಳನ್ನು ಪಕ್ಕಪಕ್ಕ ಬಿಡಿಸಿಟ್ಟು ನೋಡಿ. ಮೊದಲನೆಯದರಲ್ಲಿ ಪುಟಕ್ಕೆ ನಾಲ್ಕು ಚಿತ್ರಚೌಕಟ್ಟು, ಮುಂದಿನದರಲ್ಲಿ ಮೂರು, ಅದರ ಮುಂದೆ ಎರಡು. 75ನೇ ಸಂಚಿಕೆಯಲ್ಲಿ ಪ್ರತಿ ಪುಟವೂ ಒಂದೇ ಚಿತ್ರ. ಸಾವು ಹತ್ತಿರವಾದಂತೆ ಚಿತ್ರಗಳು ಹಿಗ್ಗುತ್ತವೆ, ಮಾತು ಕುಗ್ಗುತ್ತದೆ, ಪುಟ ತಿರುವುವ ಕೈ ತಾನಾಗಿ ವೇಗ ಪಡೆಯುತ್ತದೆ. ಆ ಕೊನೆಯ ಸಂಚಿಕೆಯನ್ನು ಬರೆದು ಚಿತ್ರಿಸಿದವರು ಡ್ಯಾನ್ ಜರ್ಗನ್ಸ್. ಕಥೆ ಬಡವಾಗಿರಬಹುದು, ಕಟ್ಟಡ ಬಡವಾಗಿಲ್ಲ.

ನಿಜವಾದ ಕಥೆ ಶುರುವಾಗುವುದು ಹೆಣ ಬಿದ್ದ ಮೇಲೆ. ‘ಫ್ಯೂನರಲ್ ಫಾರ್ ಎ ಫ್ರೆಂಡ್’ ಎಂಬ ಈ ಭಾಗವನ್ನು ಬಹಳ ಜನ ಹಾರಿಸಿ ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಮೂರೂ ಕಥೆಗಳಲ್ಲಿ ಇದರಷ್ಟು ಒಳ್ಳೆಯ ಬರವಣಿಗೆ ಇನ್ನೊಂದಿಲ್ಲ. ನಗರ ಸೂಪರ್‌ಮ್ಯಾನ್‌ಗಾಗಿ ಬಹಿರಂಗವಾಗಿ ಅಳುತ್ತದೆ. ಲೋಯಿಸ್‌ಗೆ ಆ ಸ್ವಾತಂತ್ರ್ಯವಿಲ್ಲ. ಲೋಕದ ಕಣ್ಣಿಗೆ ಅವಳ ಕ್ಲಾರ್ಕ್ ಕಾಣೆಯಾದ ನೂರಾರು ಜನರಲ್ಲಿ ಒಬ್ಬ, ಇನ್ನೂ ಸಿಕ್ಕಿಲ್ಲ ಅಷ್ಟೇ. ಸಾಕಿದ ತಂದೆತಾಯಿ ಕ್ಯಾನ್ಸಸ್‌ನ ಹಳ್ಳಿಮನೆಯಲ್ಲಿ ಮಗನ ಅಂತ್ಯಕ್ರಿಯೆಯನ್ನು ಟಿವಿಯಲ್ಲಿ ನೋಡುತ್ತಾರೆ. ನಮ್ಮ ಹುಡುಗ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಸೂಪರ್‌ಮ್ಯಾನ್‌ಗೆ ಬರುತ್ತಿದ್ದ ಕಷ್ಟಸುಖದ ಪತ್ರಗಳನ್ನು ಈ ಸಲ ಉಳಿದ ಹೀರೋಗಳು ಕೂತು ಓದಿ, ಕೇಳಿದ ಕೆಲಸಗಳನ್ನು ಮಾಡಿಕೊಡುತ್ತಾರೆ. ಈ ದೃಶ್ಯಗಳಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ಸೂಪರ್‌ಮ್ಯಾನ್ ಯಾರಿಗೆ ಏನಾಗಿದ್ದ ಎಂಬುದು ಅವನು ಬದುಕಿದ್ದಾಗ ಬಂದ ಕಥೆಗಳಿಗಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

‘ಹೇಗೂ ಬದುಕಿ ಬರುತ್ತಾನೆ, ಅದಕ್ಕೇಕೆ ಇಷ್ಟು ಗೋಳು?’ ಎಂದು ಕೇಳುವವರಿದ್ದಾರೆ. ದುರ್ಯೋಧನನ ತೊಡೆ ಮುರಿಯುತ್ತದೆ ಎಂದು ಗೊತ್ತಿದ್ದೇ ನಾವು ರನ್ನನನ್ನು ಓದುತ್ತೇವಲ್ಲ. ಮುಗಿತಾಯ ಗೊತ್ತಿರುವುದು ಕಥೆಗೆ ಕುಂದಲ್ಲ, ಮುಗಿತಾಯವೊಂದನ್ನೇ ನೆಚ್ಚಿಕೊಂಡ ಕಥೆಗೆ ಮಾತ್ರ ಕುಂದು.

ಆ ಮುಗಿತಾಯದಲ್ಲಿ ಸೂಪರ್‌ಮ್ಯಾನ್ ಕಥೆ ಎಡವುತ್ತದೆ. 1993ರ ‘ರೀನ್ ಆಫ್ ದ ಸೂಪರ್‌ಮೆನ್’ನಲ್ಲಿ ಅವನ ಜಾಗಕ್ಕೆ ನಾಲ್ವರು ಬರುತ್ತಾರೆ. ಅವರಲ್ಲಿ ಸ್ಟೀಲ್ ಒಬ್ಬನೇ ಸೊಗಸು: ತಾನು ವಿನ್ಯಾಸ ಮಾಡಿದ ಆಯುಧಗಳು ಬೀದಿ ಪುಂಡರ ಕೈಸೇರಿದ್ದನ್ನು ಕಂಡು ಕವಚ ತೊಟ್ಟು ಇಳಿಯುವ ಎಂಜಿನಿಯರ್ ಜಾನ್ ಹೆನ್ರಿ ಐರನ್ಸ್. ನಾನೇ ಸೂಪರ್‌ಮ್ಯಾನ್ ಎಂದು ಹೇಳಿಕೊಳ್ಳದವನೂ ಅವನೊಬ್ಬನೇ. ಆದರೆ ನಾಲ್ವರಲ್ಲಿ ಖಳ ಯಾರೆಂದು ಬಯಲಾಗುವ ಹೊತ್ತಿಗೆ ಕೋಸ್ಟ್ ಸಿಟಿ ಎಂಬ ಊರು ಎಪ್ಪತ್ತು ಲಕ್ಷ ಜನರೊಂದಿಗೆ ಸುಟ್ಟು ಹೋಗುತ್ತದೆ. ಒಬ್ಬನ ಸಾವಿಗೆ ಸಂಚಿಕೆಗಟ್ಟಲೆ ಅತ್ತ ಕಥೆ ಈ ಎಪ್ಪತ್ತು ಲಕ್ಷಕ್ಕೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಆ ದುಃಖವನ್ನು ಗ್ರೀನ್ ಲ್ಯಾಂಟರ್ನ್ ಪತ್ರಿಕೆಗೆ ವರ್ಗಾಯಿಸಿ ಕೈತೊಳೆದುಕೊಂಡಿತು. ಅಲ್ಲಿ ಗ್ರೀನ್ ಲ್ಯಾಂಟರ್ನ್ ಆಗಿದ್ದ ಹ್ಯಾಲ್ ಜೋರ್ಡನ್ ತನ್ನ ಊರನ್ನು ಕಳೆದುಕೊಂಡು ಮತಿಗೆಟ್ಟ. ಸೂಪರ್‌ಮ್ಯಾನ್ ಮಾತ್ರ ಉದ್ದ ಕೂದಲು ಬಿಟ್ಟುಕೊಂಡು ಹಿಂತಿರುಗಿದ. ಆ ಕೂದಲಿನ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

‘ನೈಟ್‌ಫಾಲ್’ ಬೇರೆ ಹದದ ಅಡುಗೆ. ಇಲ್ಲಿನ ಖಳನಿಗೆ ತಲೆ ಇದೆ. ಬೇನ್ ಬೆಳೆದದ್ದು ಸಾಂಟಾ ಪ್ರಿಸ್ಕಾ ಎಂಬ ಕಲ್ಪಿತ ದೇಶದ ಸೆರೆಮನೆಯಲ್ಲಿ, ತಂದೆಯ ಶಿಕ್ಷೆಯನ್ನು ತಾನು ಅನುಭವಿಸುತ್ತ. ಆಟದ ಕರಡಿಬೊಂಬೆಯೊಳಗೆ ಚಾಕು ಬಚ್ಚಿಟ್ಟುಕೊಂಡ ಹುಡುಗ ಅವನು. ಬ್ಯಾಟ್‌ಮ್ಯಾನ್‌ನ ಊರು ಗಾಥಮ್‌ಗೆ ಬಂದವನು ಅವನ ಮೇಲೆ ನೇರ ಎರಗುವುದಿಲ್ಲ. ಆರ್ಕಮ್ ಹುಚ್ಚಾಸ್ಪತ್ರೆಯ ಗೋಡೆ ಒಡೆದು ಅಷ್ಟೂ ಪಾತಕಿಗಳನ್ನು ಊರಿಗೆ ಬಿಡುತ್ತಾನೆ, ಆಮೇಲೆ ಕಾಯುತ್ತಾನೆ.

ಈ ಕಾಯುವಿಕೆಯೇ ಕಥೆಯ ಜೀವ. ಸಂಚಿಕೆಯಿಂದ ಸಂಚಿಕೆಗೆ ಬ್ಯಾಟ್‌ಮ್ಯಾನ್ ಒಬ್ಬೊಬ್ಬನನ್ನೇ ಹಿಡಿಯುತ್ತಾನೆ, ಪ್ರತಿ ಸಲವೂ ಗೆಲ್ಲುತ್ತಾನೆ, ಪ್ರತಿ ಗೆಲುವಿನಲ್ಲೂ ಒಂದಿಷ್ಟು ಸೋಲುತ್ತಾನೆ. ಗಡ್ಡ ಬೆಳೆಯುತ್ತದೆ, ನಿದ್ದೆ ಇಲ್ಲ. ಜ಼್ಸಾಸ್ ಎಂಬ ಕೊಲೆಗಡುಕ ಹುಡುಗಿಯರ ವಸತಿಶಾಲೆಯೊಂದಕ್ಕೆ ನುಗ್ಗಿದಾಗ, ಅವನ ಮಾತಿನ ಇರಿತಕ್ಕೆ ಬ್ಯಾಟ್‌ಮ್ಯಾನ್ ತಾಳ್ಮೆ ಕಳೆದುಕೊಂಡು ಬಡಿಯುತ್ತಾನೆ. ವಿಶ್ರಾಂತಿ ತೆಗೆದುಕೋ ಎಂದು ಜೊತೆಗಾರ ಹುಡುಗ ರಾಬಿನ್ ಬೇಡಿಕೊಂಡರೂ ಕಿವಿಗೊಡುವುದಿಲ್ಲ. ‘ಬ್ಯಾಟ್‌ಮ್ಯಾನ್’ 497ರಲ್ಲಿ ಕೊನೆಗೂ ಮನೆ ಸೇರಿದರೆ ಒಳಗೆ ಬೇನ್ ನಿಂತಿದ್ದಾನೆ. ಮೊಣಕಾಲ ಮೇಲೆ ಬೆನ್ನು ಮುರಿಯುವ ಜಿಮ್ ಅಪಾರೋ ಅವರ ಆ ಚಿತ್ರವನ್ನು ಕಾಮಿಕ್ಸ್ ಮುಟ್ಟದವರೂ ಎಲ್ಲೋ ನೋಡಿರುತ್ತಾರೆ. ಸಂಪುಟದಲ್ಲಿ ಓದಿದಾಗ ಅದು ಆಘಾತ ಅನ್ನಿಸಲೇ ಇಲ್ಲ. ಅಷ್ಟು ಹೊತ್ತಿಗೆ ಮನುಷ್ಯ ಒಳಗಿನಿಂದ ಮುರಿದಾಗಿತ್ತು. ಬಿಡಿ ಸಂಚಿಕೆಗಳಲ್ಲಿ ಈ ದಣಿವು ಗೊತ್ತಾಗುವುದಿಲ್ಲ. ‘ಇದು ವಾರಕ್ಕೊಬ್ಬ ಖಳನ ಸರಣಿ’ ಎಂದು ದೂರುವ ಗೆಳೆಯರು ಬಿಡಿ ಸಂಚಿಕೆಗಳ ಓದುಗರೇ ಆಗಿರುವುದು ಆಕಸ್ಮಿಕವಲ್ಲ.

ಎರಡನೆಯ ಭಾಗದಲ್ಲಿ ಗಾಡಿ ಹಳಿ ತಪ್ಪದಿದ್ದರೂ ನಿಧಾನವಾಗುತ್ತದೆ. ಬ್ರೂಸ್, ಅಂದರೆ ವೇಷದೊಳಗಿನ ಬ್ಯಾಟ್‌ಮ್ಯಾನ್, ತನ್ನ ವೇಷವನ್ನು ಒಪ್ಪಿಸುವುದು ಜಾನ್-ಪಾಲ್ ವ್ಯಾಲಿ, ಅಂದರೆ ಅಜ಼್ರೇಲ್‌ಗೆ. ಒಂದು ಗುಪ್ತ ಪಂಥ ಮಿದುಳಿಗೆ ಕೊಲೆಯ ಪಾಠ ತುಂಬಿ ಬೆಳೆಸಿದ ಯುವಕ ಅವನು. 500ನೇ ಸಂಚಿಕೆಯಲ್ಲಿ ಬೇನ್‌ನನ್ನು ಸೋಲಿಸಿದ ಮೇಲೆ ಅವನ ಕವಚ ದಿನೇ ದಿನೇ ದಪ್ಪವಾಗುತ್ತದೆ, ದಯೆ ತೆಳುವಾಗುತ್ತದೆ. ರಾಬಿನ್‌ನನ್ನು ದೂರ ಮಾಡುತ್ತಾನೆ. ಕೊನೆಗೆ ಅಬಟ್ವಾರ್ ಎಂಬ ಹಂತಕ ಕಣ್ಣೆದುರು ಬಿದ್ದು ಸಾಯುವುದನ್ನು ನೋಡುತ್ತ ನಿಲ್ಲುತ್ತಾನೆ. ಹಂತಕ ಎಲ್ಲೋ ಬಚ್ಚಿಟ್ಟಿದ್ದ ಅಮಾಯಕನೂ ಅದರಿಂದಲೇ ಸಾಯುತ್ತಾನೆ. ಆ ಕಾಲದ ಓದುಗರಿಗೆ ಕೊಲ್ಲುವ, ಕನಿಕರವಿಲ್ಲದ ನಾಯಕರು ಅಚ್ಚುಮೆಚ್ಚಾಗಿದ್ದರು. ಅಂಥವನೊಬ್ಬನನ್ನೇ ಬ್ಯಾಟ್‌ಮ್ಯಾನ್ ವೇಷದಲ್ಲಿ ತಂದು, ಅದರ ಫಲ ಇದು ಎಂದು ತೋರಿಸಿದ ಸಂಪಾದಕ ಡೆನ್ನಿ ಓನೀಲ್ ಬಳಗದ ಧೈರ್ಯಕ್ಕೆ ನನ್ನ ಮೆಚ್ಚುಗೆ ಇದೆ. ಸೂಪರ್‌ಮ್ಯಾನ್‌ನ ನಾಲ್ವರು ಬದಲಿಗಳಲ್ಲಿ ಯಾರೂ ಇಂಥ ವಾದ ಹೂಡುವುದಿಲ್ಲ.

ಬ್ರೂಸ್‌ನ ಬೆನ್ನು ಸರಿಹೋಗುವ ಬಗೆ ಮಾತ್ರ ನಾಚಿಕೆಗೇಡು. ಶೋಂಡ್ರಾ ಕಿನ್ಸಾಲ್ವಿಂಗ್ ಎಂಬ ವೈದ್ಯೆಗೆ ಮನೋಶಕ್ತಿ ಇರುತ್ತದಂತೆ, ಅದರಿಂದ ಬೆನ್ನುಮೂಳೆ ಕೂಡಿಕೊಳ್ಳುತ್ತದಂತೆ. ಮುರಿಯುವುದಕ್ಕೆ ಅಷ್ಟು ಎಚ್ಚರದಿಂದ ಕಾರಣ ಕೂಡಿಸಿದವರು ಕೂಡಿಸುವುದಕ್ಕೆ ಮಂತ್ರದ ಮೊರೆಹೋದರು. ಆದರೆ ಕೊನೆಯ ಕಾಳಗ ಆ ಋಣವನ್ನು ಸಾಕಷ್ಟು ತೀರಿಸುತ್ತದೆ. ಬ್ರೂಸ್ ಓಡುತ್ತ ಅಜ಼್ರೇಲ್‌ನನ್ನು ಗುಹೆಯ ಇಕ್ಕಟ್ಟಾದ ಸುರಂಗಕ್ಕೆ ಎಳೆಯುತ್ತಾನೆ. ಕವಚ ತೊಟ್ಟು ಅಲ್ಲಿ ತೂರಲಾಗದು. ತುಂಡು ತುಂಡಾಗಿ ಕಳಚುತ್ತ ತೆವಳಿ ಬಂದವನ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ. ಇರುಳು ನೋಡುವ ಕನ್ನಡಕ ಕುರುಡಾಗಿಸಿದ್ದರಿಂದ ಮುಖವಾಡವನ್ನೂ ತೆಗೆದು ಸೋಲೊಪ್ಪುತ್ತಾನೆ. ಹೊಡೆತವಿಲ್ಲದೆ ಗೆದ್ದ ಇಂಥ ಕಾಳಗ ಆ ದಶಕದ ಕಾಮಿಕ್ಸ್‌ನಲ್ಲಿ ಅಪರೂಪ.

‘ಕ್ಲೋನ್ ಸಾಗಾ’ ಬಗ್ಗೆ ಚುಟುಕಾಗಿ ಹೇಳಬೇಕು, ಅದು ತನ್ನ ಬಗ್ಗೆ ಚುಟುಕಾಗಿ ಹೇಳಿಕೊಳ್ಳಲಿಲ್ಲವಾದ್ದರಿಂದ. 1975ರಲ್ಲಿ ಸತ್ತನೆಂದು ಬಗೆದಿದ್ದ ಸ್ಪೈಡರ್‌ಮ್ಯಾನ್‌ನ ನಕಲು (ಕ್ಲೋನ್) 1994ರಲ್ಲಿ ಬೆನ್ ರೈಲಿ ಎಂಬ ಹೆಸರಿನಲ್ಲಿ ಮರಳುತ್ತಾನೆ. 1995ರಲ್ಲಿ, ನಕಲು ಅವನಲ್ಲ, ಇಷ್ಟು ವರ್ಷ ಸ್ಪೈಡರ್‌ಮ್ಯಾನ್ ಎಂದು ನಾವು ಓದಿದ ಪೀಟರ್ ಪಾರ್ಕರನೇ ನಕಲು ಎಂದು ಸಾರುತ್ತದೆ ‘ಸ್ಪೆಕ್ಟ್ಯಾಕ್ಯುಲರ್ ಸ್ಪೈಡರ್‌ಮ್ಯಾನ್’ 226. ಅದೇ ಸಂಚಿಕೆಯಲ್ಲಿ ಪೀಟರ್ ಸಿಟ್ಟಿನಲ್ಲಿ ಬಸುರಿ ಹೆಂಡತಿಯ ಮೇಲೆ ಕೈ ಮಾಡುತ್ತಾನೆ. ಇದನ್ನು ಸಮರ್ಥಿಸುವ ಒಬ್ಬ ಅಭಿಮಾನಿಯನ್ನೂ ನಾನು ಕಂಡಿಲ್ಲ. ಮಾರಾಟ ಚೆನ್ನಾಗಿದ್ದಷ್ಟು ಕಾಲ ಕಥೆಯನ್ನು ಎಳೆದರು, ಉತ್ತರವನ್ನು ಮುಂದೂಡಿದರು, 1996ರ ಕೊನೆಗೆ ಬೆನ್ ಧೂಳಾಗಿ ಉದುರಿ ತಾನೇ ನಕಲು ಎಂದು ಸಾಬೀತುಮಾಡಿದ. 1973ರಲ್ಲಿ ಸತ್ತಿದ್ದ ಹಳೆಯ ವೈರಿ ನಾರ್ಮನ್ ಆಸ್ಬೋರ್ನ್ ಎದ್ದು ಬಂದು ಇದೆಲ್ಲ ನನ್ನ ಸಂಚು ಎಂದ.

ಆದರೂ ಇದರ ಪರ ವಕೀಲನಿಗೆ ಒಂದು ಗಟ್ಟಿ ದಾಖಲೆ ಸಿಗುತ್ತದೆ: ‘ಅಮೇಜ಼ಿಂಗ್ ಸ್ಪೈಡರ್‌ಮ್ಯಾನ್’ 400, ಜೆ.ಎಂ. ಡಿಮ್ಯಾಟೀಸ್ ಬರೆದದ್ದು. ಸಾವಿನ ಹೊಸ್ತಿಲಲ್ಲಿರುವ, ಪೀಟರ್‌ನನ್ನು ಸಾಕಿ ಬೆಳೆಸಿದ ಮೇ ಚಿಕ್ಕಮ್ಮ ಅವನನ್ನು ಎಂಪೈರ್ ಸ್ಟೇಟ್ ಕಟ್ಟಡದ ಮೇಲಕ್ಕೆ ಕರೆದೊಯ್ಯುತ್ತಾಳೆ. ನೀನೇ ಸ್ಪೈಡರ್‌ಮ್ಯಾನ್ ಎಂಬುದು ನನಗೆ ಬಹುಕಾಲದಿಂದ ಗೊತ್ತು ಎಂದು ಅಲ್ಲಿ ಹೇಳುತ್ತಾಳೆ. ಆಮೇಲೆ ಮನೆ, ಹಾಸಿಗೆ, ಸಾವು. ಇತ್ತ ಬೆನ್ ಹತ್ತಿರ ಬರಲಾರದೆ ಹೊರಗೇ ಉಳಿಯುತ್ತಾನೆ. ಅವನಿಗೂ ಆಕೆ ಚಿಕ್ಕಮ್ಮನೇ, ನೆನಪುಗಳೆಲ್ಲ ಅವನವೂ ಹೌದು. ನಕಲಿನ ಕಥೆಗೆ ಇದ್ದ ನಿಜವಾದ ನೋವು ಇದೇ. ಕೆಲವು ವರ್ಷಗಳ ನಂತರ, ಸತ್ತವಳು ಮೇ ಅಲ್ಲ, ವೇಷ ಹಾಕಿದ ನಟಿ ಎಂದು ಬರೆದು ಇದನ್ನೂ ಹಾಳುಗೆಡವಿದರು. ನಾನು ಆ ತಿದ್ದುಪಡಿಯನ್ನು ಲೆಕ್ಕಕ್ಕೆ ಇಟ್ಟಿಲ್ಲ, ನೀವೂ ಇಡಬೇಡಿ.

ಓದುವ ಅನುಕೂಲದ ಮಾತೂ ಇದೆ. ಸೂಪರ್‌ಮ್ಯಾನ್ ಕಥೆ ಹಲವು ಪತ್ರಿಕೆಗಳಲ್ಲಿ ಹರಡಿದ್ದರೂ ಮುಖಪುಟದ ತ್ರಿಕೋನದೊಳಗಿನ ಅಂಕಿ ನೋಡಿದರೆ ಮುಂದಿನದು ಯಾವುದೆಂದು ಮಗುವಿಗೂ ತಿಳಿಯುತ್ತದೆ. ‘ನೈಟ್‌ಫಾಲ್’ನ ಮೊದಲ ಭಾಗಕ್ಕೂ ಮುಖಪುಟದಲ್ಲಿ ಕಂತಿನ ಸಂಖ್ಯೆ ಇದೆ. ಕ್ಲೋನ್ ಕಥೆಯನ್ನು ಸಂಪುಟಗಳಿಲ್ಲದೆ ಓದಲು ಹೊರಟವರಿಗೆ ದೇವರೇ ದಿಕ್ಕು.

ಕೊಳ್ಳುವುದಾದರೆ ‘ನೈಟ್‌ಫಾಲ್’ ಮೊದಲ ಸಂಪುಟವನ್ನು ಕೊಳ್ಳಿ. ಸೂಪರ್‌ಮ್ಯಾನ್‌ನ ಶವಸಂಸ್ಕಾರದ ಭಾಗವನ್ನು ಯಾರಿಂದಲಾದರೂ ಎರವಲು ತಂದು ಓದಿ. ಕ್ಲೋನ್ ಕಥೆಯಲ್ಲಿ 400ನೇ ಸಂಚಿಕೆ ಸಾಕು. ನಮ್ಮ ಗುಂಪಿನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿಲ್ಲ. ಡಿಕ್ ಗ್ರೇಸನ್‌ನಂಥ ಮೊದಲ ರಾಬಿನ್ ಇರುವಾಗ ಬ್ರೂಸ್ ಯಾರೋ ಅಜ಼್ರೇಲ್‌ಗೆ ವೇಷ ಕೊಟ್ಟದ್ದು ಪೆದ್ದುತನ, ಅಷ್ಟರಿಂದಲೇ ಕಥೆ ಕುಸಿಯಿತು ಎನ್ನುವವರು ಬಹುಮತದಲ್ಲಿದ್ದಾರೆ. ಕಥೆ ಮುಗಿದ ಕೂಡಲೇ ಬ್ರೂಸ್ ಅದೇ ಡಿಕ್‌ಗೆ ವೇಷ ಒಪ್ಪಿಸಿ ಕೆಲಕಾಲ ಹೊರಟುಹೋಗುವುದನ್ನು ತಮ್ಮ ಪರ ಸಾಕ್ಷಿಯಾಗಿ ತೋರಿಸುತ್ತಾರೆ. ಡಿಕ್ ಬಂದಿದ್ದರೆ ಒಳ್ಳೆಯ ಬ್ಯಾಟ್‌ಮ್ಯಾನ್ ಸಿಗುತ್ತಿದ್ದ, ಒಳ್ಳೆಯ ಕಥೆ ಸಿಗುತ್ತಿರಲಿಲ್ಲ ಎಂಬ ನನ್ನ ಮಾತಿಗೆ ಈವರೆಗೆ ಯಾರೂ ತಲೆದೂಗಿಲ್ಲ.