30 ಮೆಗಾಹರ್ಟ್ಸ್‌ಗೆ ಎರಡು ಸಾವಿರ ಜಾಸ್ತಿ: ಓಸಿ ಕಾರ್ಡೋ, ಸಾದಾ ಕಾರ್ಡೋ?

ಗೇಮ್ ಆಡಲು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಕೇಳಿದರೆ ಅಂಗಡಿಯವರು ಒಂದೇ ಥರದ ಎರಡು ಡಬ್ಬಿ ಮುಂದಿಡುತ್ತಾರೆ. ಒಂದು ಎಂಎಸ್‌ಐ ವೆಂಟಸ್ 2ಎಕ್ಸ್, ಇನ್ನೊಂದು ಅದರದೇ ಓಸಿ, ಅಂದರೆ ಓವರ್‌ಕ್ಲಾಕ್: ಕಂಪನಿಯೇ ವೇಗ ಸ್ವಲ್ಪ ಏರಿಸಿ ಮಾರುವ ಕಾರ್ಡ್. ಎರಡರಲ್ಲೂ 3584 ಕ್ಯೂಡಾ ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), 12 ಜಿಬಿ ಮೆಮೊರಿ, ಎರಡು ಫ್ಯಾನ್. ಮೆಮೊರಿಯ ವೇಗವೂ ಒಂದೇ. ಬೇರೆ ಇರುವುದು ಬೂಸ್ಟ್ ಕ್ಲಾಕ್ (ಕೆಲಸ ಹೆಚ್ಚಿದಾಗ ಚಿಪ್ ಏರುವ ವೇಗ) ಮಾತ್ರ: ಸಾದಾದಲ್ಲಿ 1777 ಮೆಗಾಹರ್ಟ್ಸ್, ಓಸಿಯಲ್ಲಿ 1807. ಲೆಕ್ಕ ಹಾಕಿದರೆ ಶೇ. 1.7ರಷ್ಟು. ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಬರುವ ಗೇಮ್‌ನಲ್ಲಿ ಎಲ್ಲವೂ ಕೂಡಿ ಬಂದರೆ 61 ಸಿಗಬಹುದು.

ನಾನು ತಗೊಂಡದ್ದು ಸಾದಾ. ದಾವಣಗೆರೆಯಲ್ಲಿರುವ ಚಿಕ್ಕಪ್ಪನ ಮಗ ಎರಡು ಸಾವಿರ ಜಾಸ್ತಿ ಕೊಟ್ಟು ಓಸಿ ತಂದ. "ಅಣ್ಣಾ, ನಂದು ನಿಂದಕ್ಕಿಂತ ಫಾಸ್ಟು" ಅಂತ ಫೋನ್ ಮಾಡಿದಾಗಲೆಲ್ಲ ಒಂದೇ ರಾಗ. ರಜೆಗೆ ಬರುವಾಗ ಕಾರ್ಡನ್ನೂ ತಗೊಂಡು ಬಾ ಅಂದೆ.

ಒಂದೇ ಕ್ಯಾಬಿನೆಟ್, ಒಂದೇ ಡ್ರೈವರ್. ಕಾರ್ಡ್ ಚೆನ್ನಾಗಿ ಬಿಸಿಯಾಗುವ ತನಕ ಗೇಮ್ ಆಡಿ, ಆಮೇಲೆ ಸೈಬರ್‌ಪಂಕ್ 2077ರಲ್ಲೇ ಇರುವ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿದೆವು. ಓಸಿ ಮುಂದೆ ಇತ್ತು, ನಿಜ. ಎಷ್ಟು? ಒಂದು ಫ್ರೇಮೂ ಇಲ್ಲ. ಒಂದೇ ಕಾರ್ಡನ್ನು ಮತ್ತೊಮ್ಮೆ ಓಡಿಸಿದರೂ ಅಷ್ಟು ಆಚೀಚೆ ಆಗುತ್ತಿತ್ತು. ಚಿಕ್ಕಪ್ಪನ ಮಗ ಸೆಟ್ಟಿಂಗ್ಸ್ ಬದಲಿಸಿ ನೋಡಿದ, ಡ್ರೈವರ್ ಮತ್ತೆ ಹಾಕಿಸಿದ. ಏನೂ ಬದಲಾಗಲಿಲ್ಲ.

ಕಾರಣ, ಕಾರ್ಡಿನ ವೇಗ ತೋರಿಸಿ ಅದನ್ನು ಬದಲಿಸಲೂ ಬಿಡುವ ಆಫ್ಟರ್‌ಬರ್ನರ್ ತಂತ್ರಾಂಶದ ಪರದೆಯಲ್ಲೇ ಕಾಣುತ್ತಿತ್ತು. ಡಬ್ಬಿಯ ಮೇಲೆ 1777 ಅಂತ ಬರೆದ ನನ್ನ ಕಾರ್ಡ್ ಗೇಮ್‌ನಲ್ಲಿ 1900 ದಾಟಿ ಓಡುತ್ತಿತ್ತು! ಈ ಚಿಪ್ ರೂಪಿಸಿದ ಎನ್ವಿಡಿಯಾದ ಜಿಪಿಯು ಬೂಸ್ಟ್ ಅನ್ನುವ ವ್ಯವಸ್ಥೆ ಕೆಲಸ ಮಾಡುವುದೇ ಹೀಗೆ. ಬಿಸಿ ಕಡಿಮೆ ಇದ್ದು, ವಿದ್ಯುತ್ತಿನ ಮಿತಿಯೊಳಗೆ ಜಾಗ ಇದ್ದರೆ ಕಾರ್ಡ್ ತಾನಾಗಿ ಮೇಲೆ ಹೋಗುತ್ತದೆ. ಹೋಗುವುದು 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ. ಬಿಸಿ ಏರುತ್ತಾ ಹೋದರೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಹಾಗಾದರೆ ಓಸಿ ಕೊಡುವ 30 ಮೆಗಾಹರ್ಟ್ಸ್ ಅಂದರೆ ಬರೀ ಎರಡು ಮೆಟ್ಟಿಲು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟೆ. ಬಿಸಿ ಒಂದಷ್ಟು ಇಳಿಯಿತು, ನನ್ನ ಸಾದಾ ಕಾರ್ಡ್ ಅವನ ಓಸಿಯ ಪಕ್ಕ ಬಂದು ನಿಂತಿತು. ತಮ್ಮನ ಮುಖ ನೋಡಬೇಕಿತ್ತು.

ಆಮೇಲೆ ಸ್ಲೈಡರ್. ಆಫ್ಟರ್‌ಬರ್ನರ್‌ನಲ್ಲಿ ಕೋರ್ ಕ್ಲಾಕನ್ನು 30 ಜಾಸ್ತಿ ಮಾಡಿ ಟಿಕ್ ಒತ್ತಿದರೆ ಮುಗಿಯಿತು, ಸಾದಾ ಕಾರ್ಡೂ ಓಸಿ ಆಯಿತು. ದುಡ್ಡಿಲ್ಲ ಕಾಸಿಲ್ಲ. ನನ್ನ ಕಾರ್ಡ್ ಅದಕ್ಕಿಂತ ಎಷ್ಟೋ ಮೇಲಕ್ಕೂ ಹೋಯಿತು. ಜಾಸ್ತಿ ಎಳೆದಾಗ ಗೇಮ್ ಕ್ರ್ಯಾಶ್ ಆಯಿತು, ಸ್ವಲ್ಪ ಇಳಿಸಿದೆ, ಸರಿಹೋಯಿತು. ಚಿಪ್‌ನಿಂದ ಚಿಪ್‌ಗೆ ಇದು ಬದಲಾಗುತ್ತದೆ. ನಿಮಗೆ ಒಳ್ಳೆ ಚಿಪ್ ಸಿಗುವುದು ಬಿಡುವುದು ಅದೃಷ್ಟ. ಒಂದು ಮಾತು ಮಾತ್ರ ಓಸಿ ಪರವಾಗಿ ಹೇಳಬೇಕು: ಅದರ ವೇಗ ಕಂಪನಿಯೇ ಪರೀಕ್ಷಿಸಿ ಕೊಟ್ಟದ್ದು, ವಾರಂಟಿಯೂ ಅದಕ್ಕೇ ಸೇರಿದ್ದು. ನಾವು ಎಳೆದ ಸ್ಲೈಡರ್ ನಮ್ಮ ಜವಾಬ್ದಾರಿ. ಇಂಥದ್ದಕ್ಕೆಲ್ಲ ಕೈ ಹಾಕಲು ಮನಸ್ಸಿಲ್ಲದವರಿಗೆ ಇದು ಸಣ್ಣ ಸಮಾಧಾನ ಅಲ್ಲ.

ಓಸಿ ಅಂತ ಬರೆದದ್ದೆಲ್ಲ ಒಂದೇ ಅಂತಲೂ ಅಲ್ಲ. ಬಿಸಿ ಹೊರಹಾಕುವ ದಪ್ಪ ಹೀಟ್‌ಸಿಂಕ್, ದೊಡ್ಡ ಫ್ಯಾನ್, ಏರಿಸಿದ ಪವರ್ ಲಿಮಿಟ್ ಇರುವ ಮಾಡೆಲ್‌ಗಳು ಬೇರೆಯೇ ಜಾತಿ. ಅಲ್ಲಿ ಜಾಸ್ತಿ ದುಡ್ಡು ಹೋಗುವುದು ಕೂಲರ್‌ಗೆ. ಫ್ರೇಮ್ ಅಲ್ಲೂ ಹೆಚ್ಚೇನೂ ಏರುವುದಿಲ್ಲ, ಆದರೆ ಫ್ಯಾನ್ ಸದ್ದು ಕಡಿಮೆಯಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಮಹಡಿ ಕೋಣೆಯಲ್ಲಿ ಕೂತು ಗೇಮ್ ಆಡುವವರಿಗೆ ಅದರ ಬೆಲೆ ಗೊತ್ತು. ಆ ಥರದ ಕೂಲರ್‌ಗೆ ಎರಡು ಸಾವಿರ ಕೊಡಿ ಅಂದರೆ ನಾನೂ ಕೊಡುತ್ತೇನೆ. ಅದೇ ಕೂಲರ್, ಅದೇ ಫ್ಯಾನ್ ಇಟ್ಟು ಡಬ್ಬಿಯ ಮೇಲೆ ಎರಡಕ್ಷರ ಅಚ್ಚು ಹಾಕಿದ್ದಕ್ಕೆ? ಸುಮ್ನೆ ದಂಡ. ಬೆಲೆ ಎರಡಕ್ಕೂ ಒಂದೇ ಇದ್ದರೆ, ಇಲ್ಲವೇ ಇನ್ನೂರು ಮುನ್ನೂರರ ವ್ಯತ್ಯಾಸ ಇದ್ದರೆ ಓಸಿ ತಗೊಳ್ಳಿ, ನಷ್ಟವೇನಿಲ್ಲ. ಕೆಲವೊಮ್ಮೆ ಸ್ಟಾಕ್ ಇರುವುದೇ ಓಸಿ ಆಗಿರುತ್ತದೆ, ಆಗ ಯೋಚನೆಯೇ ಬೇಡ.

ಇಬ್ಬರಿಗೂ ನಿಜವಾಗಿ ಉಪಯೋಗ ಆದದ್ದು ಉಲ್ಟಾ ಕೆಲಸದಿಂದ, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಅಂಡರ್‌ವೋಲ್ಟ್‌ನಿಂದ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿದರೆ ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಅಂತ ತೋರಿಸುವ ವೋಲ್ಟೇಜ್ ಕರ್ವ್ ತೆರೆಯುತ್ತದೆ. ಕಡಿಮೆ ವೋಲ್ಟೇಜ್‌ನಲ್ಲೇ 1800ರ ಆಸುಪಾಸಿನ ವೇಗ ಹಿಡಿಯುವಂತೆ ಕೂರಿಸಿದೆವು. 3060ರ ಮಿತಿ 170 ವ್ಯಾಟ್. ನಮ್ಮ ಎರಡೂ ಕಾರ್ಡ್ ಈಗ ಅದಕ್ಕಿಂತ ಸಾಕಷ್ಟು ಕಡಿಮೆಯಲ್ಲಿ ಓಡುತ್ತಿವೆ. ಹೋದ ಫ್ರೇಮ್ ಕಣ್ಣಿಗೆ ಕಾಣುವಷ್ಟಿಲ್ಲ, ಫ್ಯಾನ್ ಸದ್ದು ಮಾತ್ರ ಇಳಿದದ್ದು ಪಕ್ಕದ ಕೋಣೆಗೂ ಗೊತ್ತಾಗುತ್ತದೆ. ಈಗ ತಮ್ಮನ ಓಸಿ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ನಿಧಾನವಾಗಿ ಓಡುತ್ತಿದೆ. ಅವನೇ ಹಾಗೆ ಇರಲಿ ಅಂದ.