ಕುಂಬಾರ್ಜುವಾ ಕಾಲುವೆಯ ಬೋಟ್ ಟ್ರಿಪ್: ಬೋಟಿನವರಿಗೆ ಐದು ಸ್ಟಾರ್, ಕಂಪನಿಗೆ ಎರಡು

ಗೋವಾದಲ್ಲಿ ಬೀಚ್ ಬಿಟ್ಟು ಏನು ನೋಡೋದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಾಲುವೆಯ ಹೆಸರು. ಮಾಂಡೋವಿ, ಜುವಾರಿ ಎರಡೂ ನದಿಗಳನ್ನು ಇದು ಸೇರಿಸುತ್ತದೆ. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟಿದ ಮಹದಾಯಿಯೇ ಇಲ್ಲಿಗೆ ಬರುವಷ್ಟರಲ್ಲಿ ಮಾಂಡೋವಿ ಆಗಿರುತ್ತಾಳೆ. ಬೆಳಗಾವಿಯಿಂದ ಬಂದಿದ್ದ ಅಕ್ಕನ ಮನೆಯವರನ್ನು ಅದಕ್ಕೇ ಇಲ್ಲಿಗೆ ಕರೆದುಕೊಂಡು ಹೋದೆ.

ನೋಡುವುದಕ್ಕೆ ಏನೂ ಕಮ್ಮಿ ಇಲ್ಲ. ಎರಡೂ ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಮಿಂಚುಳ್ಳಿ, ತಲೆ ಮೇಲೆ ಗರುಡ. ಕೆಸರಿನ ಮೇಲೆ ಬಾಯಿ ತೆರೆದು ಮಲಗಿದ್ದ ದೊಡ್ಡ ಮೊಸಳೆಯನ್ನು ಕಂಡು ಅಕ್ಕನ ಮಗ ಉಸಿರು ಬಿಗಿಹಿಡಿದು ಕೂತ. ಈ ಕಡೆಯ ದುರ್ಭಾಟ್ ಊರಿನಲ್ಲಿ ಪುಷ್ಯ ಅಮಾವಾಸ್ಯೆಗೆ ಕೆಸರಲ್ಲಿ ಮೊಸಳೆ ಮಾಡಿ ಪೂಜಿಸುತ್ತಾರೆ. ಜನ ಇಷ್ಟು ಭಕ್ತಿಯಿಂದ ನೋಡುವ ನೀರು ಇದು.

ಅಂಥ ನೀರಿಗೆ ಹೋಗುವ ಬೋಟಲ್ಲಿ ಒಂದು ಕಸದ ಡಬ್ಬಿ ಇಲ್ಲ. ಟಿಕೆಟ್ ಜೊತೆ ಎಲ್ಲರಿಗೂ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ಮಾತ್ರ ತಪ್ಪದೆ ಕೊಡುತ್ತಾರೆ. ಖಾಲಿ ಬಾಟಲಿಗಳು ಸೀಟಿನ ಕೆಳಗೆ ಉರುಳಾಡುತ್ತಿದ್ದವು. ಗಾಳಿ ಬೀಸಿದಾಗ ಒಂದು ಪ್ಯಾಕೆಟ್ ಹಾರಿ ನೀರಿಗೆ ಬಿತ್ತು. ಹಿಡಿಯಲು ಹುಡುಗ ಕೈ ಚಾಚಿದ. "ಕೈ ಒಳಗೆ!" ಅಂತ ಬೋಟಿನವರು ಕೂಗಿ, ಕೊಕ್ಕೆ ಕಟ್ಟಿದ ಗಳದಿಂದ ಅದನ್ನು ಎಳೆದುಕೊಂಡರು.

ಸ್ವಲ್ಪ ದೂರ ಹೋದ ಮೇಲೆ ಅವರು ಇಂಜಿನ್ ಕಡೆ ಬಗ್ಗಿ ನೋಡಿದರು. ಇಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ಸದಾ ನೀರು ಚಿಮ್ಮುತ್ತಿರಬೇಕು. ಅದು ನಿಂತಿತ್ತು. ಇಂಜಿನ್ ತಣ್ಣಗಿಡುವ ನೀರು ಅದು, ನಿಂತರೆ ಇಂಜಿನ್ ಸುಡುತ್ತದೆ. ತಕ್ಷಣ ಆಫ್ ಮಾಡಿ ಮೇಲೆತ್ತಿದರು. ನೀರು ಎಳೆದುಕೊಳ್ಳುವ ಬಾಯಿಗೆ ಕ್ಯಾರಿಬ್ಯಾಗ್ ಅಂಟಿತ್ತು, ಬೋಟು ತಳ್ಳುವ ಪಂಖಕ್ಕೆ ಹಳೇ ನೈಲಾನ್ ಬಲೆಯ ತುಂಡು ಸುತ್ತಿತ್ತು. ಅಷ್ಟರಲ್ಲಿ ಬೋಟು ಸೆಳೆತಕ್ಕೆ ಸಿಕ್ಕಿ ಗಿಡಗಳ ಕಡೆ ಸರಿಯತೊಡಗಿತು. ಸಹಾಯಕ ಹುಡುಗ ಗಳ ಊರಿ ತಡೆದು ನಿಂತ. ಇವರು ಚಾಕುವಿನಿಂದ ಒಂದೊಂದೇ ಎಳೆ ಕುಯ್ದರು. ಕುಯ್ದ ಒಂದು ಚೂರನ್ನೂ ನೀರಿಗೆ ಬಿಡಲಿಲ್ಲ, ಎಲ್ಲವನ್ನೂ ತಾವೇ ತಂದಿದ್ದ ಗೋಣಿಚೀಲಕ್ಕೆ ತುಂಬಿದರು. ನಮ್ಮ ಬಾಟಲಿಗಳನ್ನೂ ಕೇಳಿ ಪಡೆದು ಅದಕ್ಕೇ ಹಾಕಿದರು. ಮನಸ್ಸು ತುಂಬಿ ಬಂತು.

ಆದರೆ ಅದೇ ಹೊತ್ತಲ್ಲಿ ಅಕ್ಕನ ಮಗನ ಲೈಫ್ ಜಾಕೆಟ್ ಕಡೆ ನೋಡಿ ನನ್ನ ಜೀವ ಹಾರಿತು. ದೊಡ್ಡವರ ಸೈಜು, ಕ್ಲಿಪ್ ಮುರಿದದ್ದು. ಹೊರಡುವಾಗಲೇ ಕೇಳಿದ್ದೆವು. ಜೆಟ್ಟಿಯಲ್ಲಿದ್ದ ಮ್ಯಾನೇಜರ್ "ಏನೂ ಆಗಲ್ಲ" ಅಂದಿದ್ದರು. ಮೊಸಳೆ ಇರುವ ನೀರಲ್ಲಿ ಕೊಡುವ ಉತ್ತರ ಇದಲ್ಲ. ಮಕ್ಕಳ ಜಾಕೆಟ್ ಇಲ್ಲದಿದ್ದರೆ ಮಕ್ಕಳಿಗೆ ಟಿಕೆಟ್ ಕೊಡಲೇಬಾರದು.

ಇಳಿದ ಮೇಲೆ ಇದನ್ನೆಲ್ಲ ಆಫೀಸಿಗೆ ಬರೆದು ಕೊಟ್ಟೆ. ಡಬ್ಬಿ ಇಡುತ್ತೇವೆ ಅಂದರು, ಜಾಕೆಟ್ ವಿಷಯಕ್ಕೆ ಸುಮ್ನೆ ತಲೆ ಆಡಿಸಿದರು. ಎರಡಕ್ಕಿಂತ ಜಾಸ್ತಿ ಸ್ಟಾರ್ ಹೇಗೆ ಕೊಡಲಿ?

ಹೋಗುವವರು ಚಳಿಗಾಲದಲ್ಲಿ, ನೀರು ಇಳಿದ ಹೊತ್ತು ಕೇಳಿಕೊಂಡು ಹೋಗಿ. ಆಗ ಕೆಸರಿನ ದಡ ತೆರೆದಿರುತ್ತದೆ, ಮೊಸಳೆಗಳು ಬಿಸಿಲು ಕಾಯಲು ಮೇಲೆ ಬರುತ್ತವೆ. ಕುಡಿಯುವ ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಮಕ್ಕಳ ಜಾಕೆಟ್ಟಿನ ಕ್ಲಿಪ್ ಹಾಕಿ ನೋಡಿದ ಮೇಲೆಯೇ ದುಡ್ಡು ಕೊಡಿ.